ಮೃತರ ಡಿಜಿಟಲ್ ಖಾತೆಗಳು: ವಾರಸುದಾರರು ಎಲ್ಲಿಂದ ಆರಂಭಿಸಬೇಕು?

ಮನೆಯವರೊಬ್ಬರು ತೀರಿಕೊಂಡ ಮೇಲೆ ಉತ್ತರಕ್ರಿಯೆ ಮುಗಿಯುತ್ತಿದ್ದಂತೆಯೇ ಎಷ್ಟೋ ಕುಟುಂಬಗಳು ಅವರ ಮೊಬೈಲ್ ಸಂಖ್ಯೆಯನ್ನು ರದ್ದುಪಡಿಸುತ್ತವೆ, ಇಲ್ಲವೇ ರೀಚಾರ್ಜ್ ಮಾಡಿಸದೆ ಬಿಟ್ಟುಬಿಡುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ಬ್ಯಾಂಕು, ಡಿಮ್ಯಾಟ್ (ಷೇರುಗಳನ್ನಿಡುವ ಖಾತೆ), ವಿಮೆ, ಇ-ಮೇಲ್‌ಗಳ ಸಂದೇಶಗಳೆಲ್ಲ ಬರುವುದು ಆ ಸಂಖ್ಯೆಗೇ. ಸಂಪರ್ಕ ಕಡಿದು 90 ದಿನ ಕಳೆದರೆ ಅದು ಬೇರೊಬ್ಬರ ಪಾಲಾಗಬಹುದು. ಮರಣ ಪ್ರಮಾಣಪತ್ರ ಕೊಟ್ಟು ಅದನ್ನು ಕುಟುಂಬದವರ ಹೆಸರಿಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ.

ಆದರೆ ಫೋನು ಕೈಯಲ್ಲಿದೆ, ಪಿನ್ ಗೊತ್ತಿದೆ ಎಂದು ಮೃತರ ಯುಪಿಐನಿಂದ ಹಣ ತೆಗೆಯುವುದು ಸರಿಯಲ್ಲ. ಉಳಿದ ವಾರಸುದಾರರು ಕೇಳಿದಾಗ ಅದಕ್ಕೆ ಲೆಕ್ಕ ಕೊಡಬೇಕಾಗುತ್ತದೆ. ಏನನ್ನೇ ಪಡೆಯುವುದಿದ್ದರೂ ನಿಮ್ಮ ಹೆಸರಿನಲ್ಲಿ, ದಾಖಲೆ ಸಹಿತ ಅರ್ಜಿ ಹಾಕಿ ಪಡೆಯಿರಿ.

ಮರಣವನ್ನು 21 ದಿನಗಳೊಳಗೆ ನೋಂದಾಯಿಸಿ, ಪ್ರಮಾಣಪತ್ರದ ಕೆಲವು ಪ್ರತಿಗಳನ್ನೂ ನಾಡಕಚೇರಿಯಿಂದ ವಂಶವೃಕ್ಷ ಪ್ರಮಾಣಪತ್ರವನ್ನೂ ಪಡೆದಿಟ್ಟುಕೊಳ್ಳಿ. ಬಳಿಕ ಖಾತೆಗಳ ಪಟ್ಟಿ ಮಾಡಿ. ಇದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟೇ ಒಳ್ಳೆಯ ಆಧಾರ: ತಿಂಗಳಿಗೊಮ್ಮೆ ಕಡಿತವಾಗುವ ಎಸ್‌ಐಪಿ (ಮ್ಯೂಚುವಲ್ ಫಂಡ್ ಕಂತು), ವರ್ಷಕ್ಕೊಮ್ಮೆ ಹೋಗುವ ವಿಮಾ ಕಂತು, ಕ್ಲೌಡ್ ಸಂಗ್ರಹದ ಶುಲ್ಕ ಎಲ್ಲವೂ ಅಲ್ಲಿ ಕಾಣುತ್ತವೆ. ವಾರಸುದಾರರಿಲ್ಲದೆ ಉಳಿದ ಹಳೆಯ ಠೇವಣಿಗಳನ್ನು ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಪೋರ್ಟಲ್‌ನಲ್ಲಿ ಹುಡುಕಬಹುದು.

ಬ್ಯಾಂಕು, ಡಿಮ್ಯಾಟ್ ಖಾತೆಗಳಲ್ಲಿ ನಾಮಿನಿ ಇದ್ದರೆ ಹಣವಾಗಲಿ ಷೇರಾಗಲಿ ಬೇಗ ಕೈಸೇರುತ್ತದೆ, ಆದರೆ ನಾಮಿನಿಯಾದ ಮಾತ್ರಕ್ಕೆ ಯಾರೂ ಮಾಲೀಕರಾಗುವುದಿಲ್ಲ. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಅಂತಿಮ ಹಕ್ಕು ಉಯಿಲು ಅಥವಾ ಉತ್ತರಾಧಿಕಾರ ಕಾನೂನಿನ ಪ್ರಕಾರ ವಾರಸುದಾರರದ್ದು. ಅಣ್ಣತಮ್ಮಂದಿರ ನಡುವೆ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ ಆದ್ದರಿಂದ, ಹಣ ಬಂದ ದಿನವೇ ಎಲ್ಲರಿಗೂ ತಿಳಿಸುವುದು ಒಳ್ಳೆಯದು.

ಇ-ಮೇಲ್ ಮತ್ತು ಫೋಟೊಗಳ ದಾರಿ ಇನ್ನೂ ಕಠಿಣ. ಮೃತರ ಪಾಸ್‌ವರ್ಡನ್ನು ಗೂಗಲ್ ಯಾರಿಗೂ ಕೊಡುವುದಿಲ್ಲ. ಖಾತೆ ಮುಚ್ಚಲು ಅಥವಾ ಮಾಹಿತಿ ಪಡೆಯಲು ಕುಟುಂಬದವರು ಸಲ್ಲಿಸುವ ಮನವಿಯನ್ನು ಪರಿಶೀಲಿಸಿ ತೀರ್ಮಾನಿಸುತ್ತದೆ. ಎರಡು ವರ್ಷ ಬಳಕೆಯಾಗದ ಖಾತೆಯನ್ನು ಅದು ಅಳಿಸಿಹಾಕಬಹುದಾದ್ದರಿಂದ ತಡಮಾಡಬೇಡಿ. ಆ್ಯಪಲ್‌ನಲ್ಲಿ ಮೃತರು ಮೊದಲೇ ‘ಲೆಗಸಿ ಕಾಂಟ್ಯಾಕ್ಟ್’ (ತಮ್ಮ ನಂತರ ಖಾತೆಯ ಮಾಹಿತಿ ಪಡೆಯುವ ವ್ಯಕ್ತಿ) ನೇಮಿಸಿದ್ದರೆ ಆ ವ್ಯಕ್ತಿ ತನ್ನ ಬಳಿಯ ಆ್ಯಕ್ಸೆಸ್ ಕೀ (ನೇಮಿಸಿದಾಗ ಸಿಗುವ ಗುಪ್ತಸಂಕೇತ) ಮತ್ತು ಮರಣ ಪ್ರಮಾಣಪತ್ರ ಸಲ್ಲಿಸಿ ಫೋಟೊ, ಟಿಪ್ಪಣಿಗಳನ್ನು ಪಡೆಯಬಹುದು, ಉಳಿಸಿಟ್ಟ ಪಾಸ್‌ವರ್ಡುಗಳನ್ನಲ್ಲ. ಫೇಸ್‌ಬುಕ್ ಖಾತೆಯನ್ನು ಸ್ಮರಣಾರ್ಥ ಖಾತೆಯಾಗಿ ಉಳಿಸಿಕೊಳ್ಳಬಹುದು. ಖಾಸಗಿ ಸಂದೇಶಗಳು ಮಾತ್ರ ಯಾರಿಗೂ ಸಿಗುವುದಿಲ್ಲ.

ಬದುಕಿರುವಾಗಲೇ ಮಾಡಿಡಬಹುದಾದ ಕೆಲಸವೂ ಇದೆ. ಗೂಗಲ್ ಖಾತೆಯ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ನಲ್ಲಿ 3ರಿಂದ 18 ತಿಂಗಳವರೆಗಿನ ಅವಧಿಯೊಂದನ್ನು ಆರಿಸಿ, ಅಷ್ಟು ಕಾಲ ಖಾತೆ ಬಳಕೆಯಾಗದಿದ್ದರೆ ಯಾರಿಗೆ ಯಾವ ಮಾಹಿತಿ ಸಿಗಬೇಕೆಂದು ಗುರುತಿಸಬಹುದು. ಡಿಜಿಟಲ್ ಆಸ್ತಿಯನ್ನು ಉಯಿಲಿನಲ್ಲಿ ಹೆಸರಿಸಿ, ಆದರೆ ಪಾಸ್‌ವರ್ಡ್ ಬರೆಯಬೇಡಿ, ಏಕೆಂದರೆ ಉಯಿಲು ಹಲವರ ಕೈ ಸೇರುವ ದಾಖಲೆ. ಎಲೆಕ್ಟ್ರಾನಿಕ್ ದಾಖಲೆ, ಸಹಿಗಳಿಗೆ ಮಾನ್ಯತೆ ಕೊಡುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ ವ್ಯಾಪ್ತಿಯಿಂದ ಉಯಿಲನ್ನು ಹೊರಗಿಟ್ಟಿರುವುದರಿಂದ ಅದು ಕಾಗದದ ಮೇಲೆಯೇ ಇರಬೇಕು ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು.