ಎಂಜಿನ್ ಬಿಚ್ಚದೆ 35 ಕಿಲೋಮೀಟರ್: ಹುಲ್ಲು ಮಿಷನ್ ರೇಸಿಗೆ ಇಳಿದ ನನ್ನ ಅನುಭವ

ಮೇಲೆ ಕೂತು ಓಡಿಸುವ ಲಾನ್ ಮೋವರ್ ಜೋರು ಓಡಬೇಕಾದರೆ ಮೊದಲು ಗವರ್ನರ್ (ಎಂಜಿನ್ ವೇಗ ಮಿತಿ ಮೀರದ ಹಾಗೆ ತಡೆಯುವ ಭಾಗ) ಕಿತ್ತು ಬಿಸಾಡಬೇಕು ಅಂತ ನಮ್ಮ ಗುಂಪಿನಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನು ಕೀಳಲಿಲ್ಲ. ಹೆಡ್ ಬಿಚ್ಚಲಿಲ್ಲ, ಕಾರ್ಬ್ಯುರೇಟರ್ ಜೆಟ್ ಕೂಡ ಬದಲಿಸಲಿಲ್ಲ. ಆದರೂ ಕಳೆದ ಡಿಸೆಂಬರಿನಲ್ಲಿ ಕಾಪು ಕಡೆಯ ಒಂದು ಬೆಟ್ಟು ಗದ್ದೆಯಲ್ಲಿ (ನೀರು ನಿಲ್ಲದ ಎತ್ತರದ ಗದ್ದೆ) ಮೊಬೈಲಿನ ಜಿಪಿಎಸ್ ಗಂಟೆಗೆ 35 ಕಿಲೋಮೀಟರಿನ ಆಸುಪಾಸು ತೋರಿಸಿತು. ಅದೇ ಮಿಷನ್ ರೆಸಾರ್ಟಿನ ಅಂಗಳದಲ್ಲಿ ಹುಲ್ಲು ಕತ್ತರಿಸುವಾಗ 8 ದಾಟಿದ್ದಿಲ್ಲ. ಕೇಳುವವರು ಜಾಸ್ತಿ ಆಗಿದ್ದಾರೆ, ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಯಿತು. ಅದಕ್ಕೆ ಒಂದೇ ಸಲ ಬರೆದಿಡುತ್ತಿದ್ದೇನೆ.

ಈ ಆಟ ಶುರುವಾದದ್ದು ಇಂಗ್ಲೆಂಡಿನಲ್ಲಿ, 1973ರಲ್ಲಿ. ಸಸೆಕ್ಸ್‌ನ ವಿಸ್ಬರೋ ಗ್ರೀನ್ ಅನ್ನುವ ಹಳ್ಳಿಯ ಪಬ್ಬಿನಲ್ಲಿ ಕೂತವರು, ಕಿಸೆ ಖಾಲಿಯಾಗದ ಹಾಗೆ ಮೋಟಾರ್ ರೇಸ್ ಮಾಡುವುದು ಹೇಗೆ ಅಂತ ಮಾತಾಡುತ್ತಾ ಕಂಡುಕೊಂಡದ್ದು. ಅವರ ಎರಡು ನಿಯಮ ನಾವೂ ಇಟ್ಟುಕೊಂಡಿದ್ದೇವೆ: ಬ್ಲೇಡ್ ಬಿಚ್ಚಲೇಬೇಕು, ದುಡ್ಡಿನ ಬಹುಮಾನ ಇಲ್ಲ. ಗೆದ್ದವರಿಗೆ ಒಂದು ಬಾಳೆಗೊನೆ. ಅದೂ ಗದ್ದೆಯ ಯಜಮಾನರದ್ದೇ.

ನಾನು ಇದನ್ನು ಮಾಡುತ್ತೇನೆ ಅಂದಾಗ ನಕ್ಕವರೇ ಹೆಚ್ಚು. "ಕಂಬಳದ ಕೋಣ ಓಡುವ ಊರಲ್ಲಿ ಹುಲ್ಲು ಮಿಷನ್ ಓಡಿಸುದಾ? ನಿಂಗೆ ಬೇರೆ ಕೆಲಸ ಇಲ್ವಾ ಮಾರಾಯ?" ಅಂದ ಭಾವ. ಇನ್ನೊಬ್ಬ ಹೋಂಡಾದವರ ವೀಡಿಯೊ ತೋರಿಸಿದ, 2014ರಲ್ಲಿ ಅವರ ಮೋವರ್ ಗಂಟೆಗೆ 187 ಕಿಲೋಮೀಟರ್ ಓಡಿದ್ದು. ಅದರೊಳಗೆ ಇರುವುದು 1000 ಸಿಸಿ ಬೈಕಿನ ಎಂಜಿನ್. ಹಾಗೆ ಮಾಡುವುದಾದರೆ ಬೈಕನ್ನೇ ಓಡಿಸಬಹುದಲ್ವಾ?

ಮಿಷನ್ ಸಿಕ್ಕಿದ್ದು ಗುಜರಿಯಲ್ಲಿ. 12.5 ಎಚ್‌ಪಿ ಬ್ರಿಗ್ಸ್ ಎಂಜಿನ್, ಕೈಗೇರಿನ ಟ್ರಾನ್ಸ್‌ಆಕ್ಸಲ್ (ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎರಡೂ ಒಂದರಲ್ಲೇ). ಬ್ಲೇಡ್ ಮುಚ್ಚುವ ತಗಡಿನ ಡೆಕ್ ಪೂರ್ತಿ ತುಕ್ಕು ಹಿಡಿದು ತೂತಾಗಿತ್ತು. ನಮಗೆ ಡೆಕ್ ಬೇಡವೇ ಬೇಡ, ಆದರೆ ಅದನ್ನು ತೋರಿಸಿಯೇ ರೇಟು ಇಳಿಸಿದೆ. 30 ಸಾವಿರ ಹೇಳಿದ್ದು 22ಕ್ಕೆ ಬಂತು. ನಮ್ಮ ಕಡೆ ರೆಸಾರ್ಟುಗಳು ಎರಡು ಮಳೆಗಾಲ ಹೊರಗೆ ಬಿಟ್ಟ ಮಿಷನ್‌ಗಳನ್ನು ಮಾರುತ್ತವೆ. ಉಡುಪಿಯಲ್ಲಿ ವರ್ಷಕ್ಕೆ 4,000 ಮಿಮೀ ಹತ್ತಿರ ಮಳೆ ಬೀಳುವಾಗ ಡೆಕ್ ಉಳಿಯುವುದು ಹೇಗೆ? ಚಾಸಿಸ್ ದಪ್ಪ ಇದ್ದರೆ ಸಾಕು, ಸುತ್ತಿಗೆಯಲ್ಲಿ ತಟ್ಟಿ ನೋಡಿ ತಗೊಳ್ಳಿ.

ಗವರ್ನರ್ ಯಾಕೆ ಕೀಳಲಿಲ್ಲ ಅಂದರೆ, ಕಿತ್ತವನ ಗತಿ ನೋಡಿದ್ದೆ. ಬಂಟಕಲ್ಲು ಕಡೆಯ ಗೆಳೆಯನೊಬ್ಬ ನನಗಿಂತ ಮೊದಲೇ ಶುರು ಮಾಡಿದ್ದ. ಇಂಥ ಎಂಜಿನ್ 3600 ಆರ್‌ಪಿಎಮ್‌ಗೆ ಮಾಡಿದ್ದು. ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಅಲ್ಯೂಮಿನಿಯಂ, ಆಯಿಲ್ ಪಂಪ್ ಇಲ್ಲ, ಒಳಗೆ ಆಯಿಲ್ ಎರಚಿಕೊಂಡು ಬದುಕುವ ಜಾತಿ. ಅವನದ್ದು ಭರ್ಜರಿ ಸದ್ದು ಮಾಡುತ್ತಾ ಎರಡು ರೌಂಡ್ ಹೋಯಿತು. ಮೂರನೆಯದರಲ್ಲಿ ರಾಡ್ ತುಂಡಾಗಿ ಬ್ಲಾಕಿನ ಬದಿಯಿಂದಲೇ ಹೊರಗೆ ಬಂತು. ಎರಡು ಬೆರಳು ಹೋಗುವಷ್ಟು ತೂತು, ಗದ್ದೆ ತುಂಬಾ ಆಯಿಲ್. ಫ್ಲೈವೀಲ್ ಒಡೆದಿದ್ದರೆ ಇನ್ನೂ ಗ್ರಹಚಾರ. ಅಲ್ಲಿಗೆ 18 ಸಾವಿರದ ಎಂಜಿನ್ ಕೆಜಿ ಲೆಕ್ಕಕ್ಕೆ ಬಂತು. ಬಿಲೆಟ್ ರಾಡ್ (ಗಟ್ಟಿ ಲೋಹದ ತುಂಡಿನಿಂದ ಕಡೆದದ್ದು) ಹೊರದೇಶದಿಂದ ತರಿಸಬಹುದು. ಅದರ ದುಡ್ಡು, ಕಸ್ಟಮ್ಸ್ ಎಲ್ಲ ಸೇರಿಸಿದರೆ ನನ್ನ ಇಡೀ ಮಿಷನ್ ಆಗುತ್ತದೆ.

ಹಾಗಾಗಿ ವೇಗ ಬರಬೇಕಾದ್ದು ಪುಲ್ಲಿಯಿಂದ, ಅಂದರೆ ಬೆಲ್ಟ್ ಕೂರುವ ಚಕ್ರದಿಂದ. ನನ್ನದರಲ್ಲಿ ಎಂಜಿನ್ ಕಡೆ ಮೂರೂವರೆ ಇಂಚು, ಹಿಂದೆ ಗೇರ್‌ಬಾಕ್ಸ್ ಮೇಲೆ 7 ಇಂಚು ಇತ್ತು. ಅದನ್ನು ತಿರುಗಿಸಿ ಮುಂದೆ 7, ಹಿಂದೆ 3 ಮಾಡಿದೆ. ಲೆಕ್ಕಕ್ಕೆ ನಾಲ್ಕೂವರೆ ಪಟ್ಟು ಮೇಲೆ. ಟಯರ್ ಸಣ್ಣದು ಹಾಕಿದ್ದರಿಂದ ಸ್ವಲ್ಪ ಹೋಯಿತು, 35ಕ್ಕೆ ನಿಂತಿತು.

ಹೇಳುವುದು ಸುಲಭ. ಮುಂದಿನ ಪುಲ್ಲಿಯನ್ನು ಲೇತ್‌ಗೆ ಕೊಟ್ಟಾಗ ಒಂದು ಇಂಚಿನ ಬೋರ್ (ನಡುವಿನ ತೂತು) ಅಂತ ಹೇಳಿದ್ದೆ, ಚೀಟಿಯಲ್ಲೂ ಬರೆದು ಕೊಟ್ಟಿದ್ದೆ. ಟರ್ನರ್ 25 ಮಿಮೀ ಹೊಡೆದಿಟ್ಟಿದ್ದರು. "ಒಂದು ಇಂಚು ಅಂದ್ರೆ ಇಪ್ಪತ್ತೈದೇ ಅಲ್ವಾ ಮಾರಾಯ್ರೆ?" ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ 25.4. ಶಾಫ್ಟಿಗೆ ಹೋಗುವುದೇ ಇಲ್ಲ. ಮತ್ತೆ ತೆಗೆಯುವಾಗ ಕೈ ಜಾರಿ 25.6 ಹತ್ತಿರ ಆಯಿತು. ಹಾಕಿದರೆ ಸಲೀಸಾಗಿ ಕೂತಿತು, ನೋಡಲಿಕ್ಕೆ ಚಂದ. ಓಡಿಸಿದಾಗ ಪುಲ್ಲಿ ಅಲ್ಲಾಡಿ ಅಲ್ಲಾಡಿ ಅದನ್ನು ಶಾಫ್ಟಿಗೆ ಹಿಡಿದಿಡುವ ಕೀ (ಸಣ್ಣ ಲೋಹದ ತುಂಡು) ಕತ್ತರಿಸಿತು. ಕೀ ಕೂರುವ ಸೀಳಿನ ಬದಿಗಳೂ ಸವೆದು ಉರುಟಾದವು. ಎರಡನೇ ಪುಲ್ಲಿಗೆ ಬೇರೆ ಲೇತ್, ಬೇರೆ ದುಡ್ಡು. ಈ ಸಲ ಮಾತಿನಲ್ಲಿ ಹೇಳದೆ ಒಂದು ಹಳೆಯ ಕ್ರ್ಯಾಂಕನ್ನೇ ಕೊಂಡುಹೋಗಿ ಮೇಜಿನ ಮೇಲೆ ಇಟ್ಟೆ. ಬೋರ್ ಮುಗಿದ ಮೇಲೆ ಪುಲ್ಲಿಯನ್ನು ಅದಕ್ಕೆ ಹಾಕಿ, ಕೈಯಲ್ಲಿ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿಯೇ ಹೊರಟದ್ದು.

ಬೆಲ್ಟಿನ ಕಥೆ ಇನ್ನೂ ದೊಡ್ಡದು. ನಮ್ಮಲ್ಲಿ ಬೆಲ್ಟೇ ಕ್ಲಚ್. ಸಡಿಲ ಬಿಟ್ಟಾಗ ಪುಲ್ಲಿ ಮೇಲೆ ಜಾರಬೇಕು, ಎಳೆದಾಗ ಹಿಡಿಯಬೇಕು. ಅಂಗಡಿಯಲ್ಲಿ ಸಿಗುವ ಎ ಸೆಕ್ಷನ್ (ಮಾಮೂಲಿ ವಿ ಆಕಾರದ) ಬೆಲ್ಟ್ ಹಿಟ್ಟಿನ ಗಿರಣಿಗೆ ಒಳ್ಳೆಯದು. ಇದಕ್ಕೆ ಹಾಕಿದರೆ ಮೂರು ಸ್ಟಾರ್ಟಿನಲ್ಲಿ ಹೊಗೆ. ಹಲ್ಲಿನದ್ದು ಹಾಕಿ ನೋಡಿದೆ, ಅದು ಕ್ಲಚ್ ಒತ್ತಿದರೂ ಬಿಡುವುದಿಲ್ಲ, ಮಿಷನ್ ತನ್ನಷ್ಟಕ್ಕೆ ನಡೆಯುತ್ತದೆ. ಸ್ಟಾರ್ಟಿನಲ್ಲಿ ನಿಂತಿದ್ದವರು ಹುಣಿ (ಗದ್ದೆಯ ಬದು) ಹತ್ತಿ ಓಡಿದರು. ಕೊನೆಗೆ ಮೋವರಿನದ್ದೇ ಬಟ್ಟೆ ಸುತ್ತಿದ ಅರಾಮಿಡ್ (ಬಿಸಿ ತಡೆಯುವ ಗಟ್ಟಿ ನಾರು) ದಾರದ ಬೆಲ್ಟ್ ತರಿಸಿದೆ, ಮೂರು ಸಾವಿರದ ಹತ್ತಿರ. ಮೊದಲು ಬಂದದ್ದು ಅಳತೆ ತಪ್ಪು. ವಾಪಸ್ ತಗೊಳ್ಳಲಿಲ್ಲ, ಆ ದುಡ್ಡು ಹೋಯಿತು. ಬೆಲ್ಟಿಗೆ ಅಂತಲೇ ಒಟ್ಟು ಏಳು ಸಾವಿರ ಸುಟ್ಟಿರಬಹುದು. ಮೂರು ಇಂಚಿನ ಪುಲ್ಲಿಗೆ ಬೆಲ್ಟ್ ಸುತ್ತುವ ಜಾಗ ಕಡಿಮೆ, ಅದು ಜಾರದೆ ನಿಲ್ಲುವುದು ಐಡ್ಲರ್ (ಬೆಲ್ಟನ್ನು ಒತ್ತಿ ಬಿಗಿ ಮಾಡುವ ಚಕ್ರ) ಎಲ್ಲಿ ಕೂರಿಸುತ್ತೀರಿ ಅನ್ನುವುದರ ಮೇಲೆ. ನನ್ನ ಐಡ್ಲರ್ ಎಲ್ಲಿದೆ, ಸ್ಪ್ರಿಂಗ್ ಯಾವ ಗಾಡಿಯದ್ದು ಅನ್ನುವುದು ಮಾತ್ರ ಇಲ್ಲಿ ಬೇಡ. ಗದ್ದೆಗೆ ಬಂದವರು ಬಗ್ಗಿ ನೋಡಿದ್ದಾರೆ, ಗೊತ್ತಾದವರಿಗೆ ಗೊತ್ತಾಗಿದೆ.

ವೇಗ ಬಂದ ಮೇಲೆ ಬೇರೆಲ್ಲ ಒಂದೊಂದಾಗಿ ಕೈಕೊಟ್ಟಿತು. ಹಿಂದಿನ ಆಕ್ಸಲ್ ಮುಕ್ಕಾಲು ಇಂಚು, ಅದರ ತುದಿಯಲ್ಲಿ ಚಕ್ರ ಹಿಡಿದಿಟ್ಟದ್ದು ಒಂದು ಇ-ಕ್ಲಿಪ್. ತಿರುವಿನಲ್ಲಿ ಕ್ಲಿಪ್ ಹಾರಿತು, ಎಡಗಡೆ ಚಕ್ರ ನನಗಿಂತ ಮೊದಲು ಹುಣಿ ದಾಟಿ ಪಕ್ಕದ ಗದ್ದೆಗೆ ಹೋಯಿತು. ಈಗ ಕ್ಲಿಪ್ ಇಲ್ಲ, ಎರಡು ತುಂಡಿನ ಕಾಲರ್ ಬೋಲ್ಟ್ ಹಾಕಿ ಬಿಗಿದಿದ್ದೇನೆ. ಆಕ್ಸಲ್ ಬಗ್ಗದ ಹಾಗೆ ಚಕ್ರದ ಪಕ್ಕದಲ್ಲೇ ಒಂದೊಂದು ಪ್ಲಮ್ಮರ್ ಬ್ಲಾಕ್ (ಬೋಲ್ಟ್ ಹಾಕಿ ಕೂರಿಸುವ ಬೇರಿಂಗ್). ಅಂಗಡಿಯಲ್ಲಿ ಬರೀ ಯುಸಿಪಿ 204 ಕೇಳಬೇಡಿ, 20 ಮಿಮೀ ಕೊಟ್ಟು ಕಳಿಸುತ್ತಾರೆ. 204-12 ಅಂತ ಕೇಳಿ, ಅದು ಮುಕ್ಕಾಲು ಇಂಚಿನದ್ದು. ಮಂಗಳೂರಿನಲ್ಲಿ ಒಂದಕ್ಕೆ ಐನೂರು ಚಿಲ್ಲರೆ ಆಯಿತು. ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಒಳಗಿನ ಸ್ಪೈಡರ್ ಗೇರ್ ವೆಲ್ಡ್ ಮಾಡಿಸಿದೆ, ಎರಡೂ ಚಕ್ರ ಒಟ್ಟಿಗೆ ತಿರುಗುತ್ತವೆ. ಆಗ ಒಂದೇ ಡಿಸ್ಕ್ ಎರಡೂ ಚಕ್ರ ನಿಲ್ಲಿಸುತ್ತದೆ. ಗುಜರಿ ಬೈಕಿನ ಡಿಸ್ಕ್, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್ ಎಲ್ಲ ಸೇರಿ ಎರಡೂವರೆ ಸಾವಿರ. ಮೋವರಿನ ಸ್ವಂತ ಬ್ರೇಕನ್ನು ನಂಬಿ 35ರಲ್ಲಿ ಹೋಗುವವರಿಗೆ ನನ್ನ ದೊಡ್ಡ ನಮಸ್ಕಾರ.

ಸ್ಟೇರಿಂಗ್ ಗೇರ್ ತಗಡಿನದ್ದು, ಅರ್ಧ ಸುತ್ತು ಸಡಿಲ ಇರುತ್ತದೆ. ಅದನ್ನು ಪೂರ್ತಿ ತೆಗೆದು ಗೋ-ಕಾರ್ಟ್ ಥರ ನೇರ ರಾಡ್, ನಾಲ್ಕು ರಾಡ್ ಎಂಡ್ (ಬಾಲ್ ಜಾಯಿಂಟ್). ಮುಂದಿನ ಚಕ್ರದ ಪ್ಲಾಸ್ಟಿಕ್ ಬುಷ್ ತೆಗೆದು ಬೇರಿಂಗ್. ಸೀಟನ್ನು ಐದು ಇಂಚು ಕೆಳಗೆ ಇಳಿಸಿದೆ. ಇಳಿಸುವ ಮೊದಲು ತಿರುವಿನಲ್ಲಿ ಒಳಗಿನ ಚಕ್ರ ಏಳುತ್ತಿತ್ತು.

ಕಿಲ್ ಸ್ವಿಚ್ (ಸವಾರ ಬಿದ್ದರೆ ಎಂಜಿನ್ ನಿಲ್ಲಿಸುವ ಸ್ವಿಚ್) ಇಲ್ಲದವರನ್ನು ನಾವು ಸ್ಟಾರ್ಟಿಗೆ ಬಿಡುವುದಿಲ್ಲ. ಬೈಕಿನ ಸ್ವಿಚ್ಚಿಗೆ ದಾರ ಕಟ್ಟಿ ಒದ್ದಾಡುವವರಿಗೆ ಒಂದು ಮಾತು: ಮಲ್ಪೆಗೆ ಹೋಗಿ. ನಾಡದೋಣಿಯ ಔಟ್‌ಬೋರ್ಡ್ ಎಂಜಿನಿಗೆ ಬರುವ ಕೆಂಪು ಸುರುಳಿ ದಾರದ ಸ್ವಿಚ್ ಸಿಗುತ್ತದೆ. ಕ್ಲಿಪ್ ಎಳೆದರೆ ಇಗ್ನಿಷನ್ನಿನ ವೈರ್ ಅರ್ತ್ ಆಗಿ ಎಂಜಿನ್ ನಿಲ್ಲುತ್ತದೆ. ನಮ್ಮ ಮ್ಯಾಗ್ನೆಟೋ ಕಾಯಿಲಿಗೂ ಬೇಕಾದದ್ದು ಅದೇ. ಎರಡು ವೈರ್, ಹತ್ತು ನಿಮಿಷದ ಕೆಲಸ. ಉಪ್ಪುನೀರಿಗೆ ಮಾಡಿದ್ದು, ನಮ್ಮ ಮಳೆಗೆ ಏನೂ ಆಗುವುದಿಲ್ಲ. ಅಂಗಡಿಯವರು "ಯಾವ ದೋಣಿಗೆ?" ಅಂತ ಕೇಳಿದರು. ಹುಲ್ಲು ಮಿಷನ್‌ಗೆ ಅಂದೆ. ಮತ್ತೇನೂ ಕೇಳಲಿಲ್ಲ.

ನಡುವೆ ಸುಮ್ನೆ ಕೆಲವು ಪ್ರಯೋಗಗಳೂ ಆದವು. ಮಡ್‌ಗಾರ್ಡಿಗೆ ಅಡಿಕೆ ಹಾಳೆ ನೆನೆಸಿ ಬಗ್ಗಿಸಿ ಕಟ್ಟಿದೆ. ತೂಕ ಇಲ್ಲ, ಖರ್ಚಿಲ್ಲ, ತೋಟದಲ್ಲಿ ಬೇಕಾದಷ್ಟು ಬಿದ್ದಿರುತ್ತದೆ. ಒಣಗದ ಹಾಳೆ ಅರ್ಧ ದಿನ ನಿಲ್ಲುತ್ತದೆ, ಒಣಗಿದ್ದು ಮೊದಲ ಕಲ್ಲಿಗೇ ಸೀಳುತ್ತದೆ. ಈಗಲೂ ಅದನ್ನೇ ಹಾಕುತ್ತೇನೆ, ಪ್ರತಿ ರೇಸಿಗೆ ಹೊಸ ಜೋಡಿ. ಹಿಂದಿನ ಟಯರಿಗೆ ಅರ್ಧ ನೀರು ತುಂಬಿ ನೋಡಿದೆ, ಟ್ರ್ಯಾಕ್ಟರಿನವರು ಮಾಡುವ ಹಾಗೆ. ಹಿಡಿತ ಬಂತು, ಆದರೆ ಸ್ಟಾರ್ಟಿನಲ್ಲಿ ಎಲ್ಲರಿಗಿಂತ ಹಿಂದೆ. ನೀರು ಬಿಟ್ಟು ಗಾಳಿ ಕಡಿಮೆ ಮಾಡಿದೆ, ಕೊಯ್ದ ಗದ್ದೆಯ ಕೂಳೆ ಮೇಲೆ ಅದೇ ಚೆನ್ನಾಗಿ ಕಚ್ಚುತ್ತದೆ. ಎಷ್ಟು ಪಿಎಸ್‌ಐ ಅಂತ ಕೇಳಬೇಡಿ. ಪೆಟ್ರೋಲಿನ ಬಗ್ಗೆ ಮಾತ್ರ ಹೇಳಿಬಿಡುತ್ತೇನೆ: ಈಗ ಬರುವ ಎಥನಾಲ್ ಪೆಟ್ರೋಲ್ ನೀರು ಹೀರುತ್ತದೆ. ಮಳೆಗಾಲಕ್ಕೆ ಮುಂಚೆ ಟ್ಯಾಂಕ್, ಕಾರ್ಬ್ಯುರೇಟರ್ ಬೌಲ್ ಎರಡೂ ಖಾಲಿ ಮಾಡಿ ಇಡಿ.

ಗದ್ದೆಯ ವಿಷಯ. ತಗ್ಗಿನ ಬೈಲು ಗದ್ದೆ ಬೇಡ, ಡಿಸೆಂಬರಿನಲ್ಲೂ ಅಡಿ ಹಸಿ ಇರುತ್ತದೆ, ಕೆಲವರು ಸುಗ್ಗಿ ಬೆಳೆಯೂ (ಎರಡನೇ ಬೆಳೆ) ಹಾಕುತ್ತಾರೆ. ಬೆಟ್ಟು ಗದ್ದೆಯಲ್ಲಿ ಒಂದೇ ಬೆಳೆ, ಏಣೆಲು (ಮಳೆಗಾಲದ ಬೆಳೆ) ಕೊಯ್ಲು ಮುಗಿದು ತಿಂಗಳಾದರೆ ನೆಲ ಗಟ್ಟಿ. ಎರಡು ಗದ್ದೆ ನಡುವಿನ ಹುಣಿಯನ್ನು ಒಂದು ಕಡೆ ಕಡಿದು, ರೇಸ್ ಮುಗಿದ ಮೇಲೆ ನಾವೇ ಕಟ್ಟಿ ಕೊಡಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಗದ್ದೆ ಇಲ್ಲ.

ನನ್ನ ಒಟ್ಟು ಖರ್ಚು 55ರಿಂದ 60 ಸಾವಿರದ ಒಳಗೆ, ಹೆಲ್ಮೆಟ್, ಬೂಟು ಬಿಟ್ಟು. ಅದರಲ್ಲಿ ಹತ್ತು ಸಾವಿರ ಹಾಳು ಪುಲ್ಲಿ, ಹಾಳು ಬೆಲ್ಟಿಗೆ. ರೇಸಿನಲ್ಲಿ ಆರು ಮಿಷನ್ ಇದ್ದವು. ಗವರ್ನರ್ ಕಿತ್ತ ಎರಡೂ ನನಗಿಂತ ಜೋರು ಹೋದವು, ಒಪ್ಪುತ್ತೇನೆ. ಒಂದು ಹತ್ತನೇ ರೌಂಡಿಗೆ ಬೆಲ್ಟ್ ಸುಟ್ಟುಕೊಂಡಿತು, ಇನ್ನೊಂದು ಬಿಸಿಯಾಗಿ ನಿಂತಿತು. ಇಪ್ಪತ್ತೈದು ರೌಂಡ್ ಮುಗಿಸಿದವರಲ್ಲಿ ಮೊದಲು ನಾನು. ಬಾಳೆಗೊನೆ ಮನೆಗೆ ಬಂತು, ಭಾವನಿಗೂ ಒಂದು ಚಿಪ್ಪು ಕೊಟ್ಟೆ. ತಿಂದುಕೊಂಡೇ ಲೆಕ್ಕ ಹಾಕಿದ: 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಓಡಿದ್ದು 13.62 ಸೆಕೆಂಡಿನಲ್ಲಿ. ಗಂಟೆಗೆ 37 ದಾಟುತ್ತದೆ, ಅದೂ ಕೆಸರಿನಲ್ಲಿ, ಕಾಲಲ್ಲಿ. "ನಿನ್ನ ಮಿಷನ್ ಇನ್ನೂ ಹಿಂದೆಯೇ ಉಂಟು" ಅಂದ. ಹಿಂದಿನ ಪುಲ್ಲಿಯನ್ನು ಇನ್ನು ಕಾಲು ಇಂಚು ಇಳಿಸುವ ಯೋಚನೆ ಇದೆ.

ಹೊಸದಾಗಿ ಮಿಷನ್ ಹುಡುಕುವವರು ಗೇರ್ ಲಿವರ್ ಇರುವುದನ್ನೇ ನೋಡಿ. ಈ ವರ್ಷ ಒಬ್ಬರು ಹೈಡ್ರೋಸ್ಟ್ಯಾಟಿಕ್ (ಗೇರಿನ ಬದಲು ಆಯಿಲ್ ಪಂಪಿನ ಒತ್ತಡದಿಂದ ಚಕ್ರ ತಿರುಗಿಸುವ) ಮಿಷನ್ ತಂದರು. ಪೆಡಲ್ ಒತ್ತಿದರೆ ಸಾಕು, ಗೇರ್ ಹಾಕುವುದೇ ಬೇಡ ಅಂತ ಖುಷಿಯಲ್ಲಿದ್ದರು. ಅದರ ಪಂಪನ್ನು ಪುಲ್ಲಿ ಬದಲಿಸಿ ಜೋರು ತಿರುಗಿಸಿದರೆ ಆಯಿಲ್ ಕಾಯುತ್ತದೆ, ಕಾದ ಮೇಲೆ ಎಳೆಯುವುದಿಲ್ಲ. ಅವರು ನಾಲ್ಕನೇ ರೌಂಡಿನಲ್ಲಿ ಇಳಿದು ತಳ್ಳುತ್ತಿದ್ದರು. ಈಗ ಡೆಕ್ ಮತ್ತೆ ಕಟ್ಟಿಸಿದ್ದಾರೆ, ಅವರ ಮನೆ ಅಂಗಳದ ಹುಲ್ಲು ಚಂದ ಇದೆ.