ಮೊದಲು ಒಂದು ವಾರ ಬರೆದು ತನ್ನಿ

ನಾನು ಸ್ಪೀಚ್ ಥೆರಪಿಸ್ಟ್. ಹೊಸದರಲ್ಲಿ ಮಾಡಿದ ಒಂದು ತಪ್ಪು ಇನ್ನೂ ಕಾಡುತ್ತದೆ. ಎರಡೂವರೆ ವರ್ಷದ ಮಗುವನ್ನು ಅರ್ಧ ಗಂಟೆ ನೋಡಿ ‘ಆಟಿಸಂ ಇರಬಹುದು’ ಎಂದುಬಿಟ್ಟೆ. ಆಟಿಸಂ ಅಂದರೆ ಮಗು ಇತರರೊಂದಿಗೆ ಬೆರೆಯುವ, ಸಂವಹನ ಮಾಡುವ, ವರ್ತಿಸುವ ರೀತಿ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ. ಅಪ್ಪ ಅಮ್ಮ ಮಾತಿಲ್ಲದೆ ಎದ್ದು ಹೋದರು. ಮತ್ತೆ ಬರಲೇ ಇಲ್ಲ. ನನ್ನ ಅವಸರದಿಂದ ಆ ಮಗುವಿಗೆ ಸಹಾಯ ತಪ್ಪಿಹೋಯಿತು.

ಈಗ ಮೊದಲ ಸಲ ಬಂದವರಿಗೆ ಯಾವ ಹೆಸರನ್ನೂ ಹೇಳುವುದಿಲ್ಲ. ಒಂದು ನೋಟ್‌ಬುಕ್ ಇಟ್ಟುಕೊಂಡು ಒಂದು ವಾರ ಬರೆದು ತನ್ನಿ ಎನ್ನುತ್ತೇನೆ. ‘ಮಾತೇ ಆಡಲ್ಲ’ ಎಂದಲ್ಲ, ನೀರು ಬೇಕಾದಾಗ ಮಗು ಏನು ಮಾಡಿತು ಅಂತ. ಕೈ ಹಿಡಿದು ಎಳೆಯಿತಾ, ಬೆರಳು ತೋರಿಸಿತಾ, ಸುಮ್ನೆ ಅತ್ತಿತಾ? ಆಕಾಶದಲ್ಲಿ ವಿಮಾನ ಕಂಡಾಗ ನೀವೂ ನೋಡಲಿ ಅಂತ ಬೆರಳು ಮಾಡಿ, ತಿರುಗಿ ನಿಮ್ಮ ಮುಖ ನೋಡಿತಾ? ಬೇಕಾದ್ದನ್ನು ಕೇಳೋಕೆ ಬೆರಳು ತೋರಿಸುವುದು ಬೇರೆ, ಖುಷಿ ಹಂಚಿಕೊಳ್ಳೋಕೆ ತೋರಿಸುವುದು ಬೇರೆ. ಎರಡನೆಯದನ್ನೇ ನಾನು ಜಾಸ್ತಿ ಹುಡುಕುತ್ತೇನೆ, ಅರ್ಧ ಗಂಟೆಯಲ್ಲಿ ನನಗೆ ಕಾಣದಿದ್ದರೂ ಮನೆಯವರಿಗೆ ಕಂಡಿರುತ್ತದೆ.

ಒಬ್ಬ ತಾಯಿ ನಾಲ್ಕನೇ ದಿನ ಹೀಗೆ ಬರೆದಿದ್ದರು: ‘ಹಿಂದಿನಿಂದ ಆರು ಸಲ ಕರೆದೆ, ತಿರುಗಲಿಲ್ಲ. ಎದುರಿಗೆ ಹೋಗಿ ಕರೆದೆ, ನಕ್ಕ.’ ಅದನ್ನು ಓದಿದ ಕೂಡಲೇ ಕಿವಿ ಪರೀಕ್ಷೆಗೆ ಕಳಿಸಿದೆ. ಮಧ್ಯ ಕಿವಿಯಲ್ಲಿ ದ್ರವ ತುಂಬಿತ್ತು. ಹುಟ್ಟಿದಾಗ ಮಾಡಿದ ಪರೀಕ್ಷೆಯಲ್ಲಿ ಪಾಸಾದ ಮಗುವಿಗೂ ಆಮೇಲೆ ಹೀಗಾಗಬಹುದು. ಅದಕ್ಕೇ ಮಾತು ತಡವಾದ ಯಾವ ಮಗುವಿಗೂ ನಾನು ಕಿವಿ ಪರೀಕ್ಷೆ ಬಿಡುವುದಿಲ್ಲ.

‘ಗಂಡು ಮಕ್ಕಳು ಮಾತು ಲೇಟು, ಕಾಯಿರಿ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಕಾಯಬೇಡಿ. 12 ತಿಂಗಳಾದರೂ ತೊದಲು, ಸನ್ನೆ ಇಲ್ಲದಿದ್ದರೆ, 16ಕ್ಕೆ ಒಂದು ಪದವೂ ಇಲ್ಲದಿದ್ದರೆ, 24ಕ್ಕೆ ಎರಡು ಪದ ಸೇರಿಸದಿದ್ದರೆ ತೋರಿಸಿ. ಆಡುತ್ತಿದ್ದ ಮಾತು ನಿಂತುಹೋದರೆ ವಯಸ್ಸು ಎಷ್ಟೇ ಇರಲಿ, ತಡ ಮಾಡಬೇಡಿ. 16ರಿಂದ 30 ತಿಂಗಳ ಮಕ್ಕಳಿಗೆ ಆಟಿಸಂ ಸಾಧ್ಯತೆ ಇದೆಯೇ ಎಂದು ಮೊದಲ ಹಂತದಲ್ಲಿ ನೋಡಲು, ಅಪ್ಪ ಅಮ್ಮ ಉತ್ತರಿಸುವ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ಇದೆ. ಅದರಲ್ಲಿ ಅಂಕ ಜಾಸ್ತಿ ಬಂದರೆ ಆಟಿಸಂ ಎಂದೇ ಅರ್ಥವಲ್ಲ, ತಜ್ಞರು ಸರಿಯಾಗಿ ನೋಡಬೇಕು ಅಷ್ಟೇ.

ಅಪಾಯಿಂಟ್‌ಮೆಂಟ್ ಸಿಗಲು ತಿಂಗಳುಗಳೇ ಹಿಡಿದರೂ ಮನೆಯ ಕೆಲಸ ಇವತ್ತೇ ಶುರು ಮಾಡಬಹುದು. ‘ಇದೇನು ಹೇಳು’ ಎಂದು ಪರೀಕ್ಷೆ ಮಾಡಬೇಡಿ. ಮಗು ನೋಡುತ್ತಿರುವುದನ್ನು ನೀವೇ ಒಂದೆರಡು ಪದದಲ್ಲಿ ಹೇಳಿ, ಮಗು ಪ್ರತಿಕ್ರಿಯಿಸಲು ಸಮಯ ಸಿಗಲಿ ಅಂತ ಮನಸ್ಸಿನಲ್ಲೇ ಹತ್ತು ಎಣಿಸಿ. ಆ ಹತ್ತು ಎಣಿಸುವುದೇ ದೊಡ್ಡವರಿಗೆ ಕಷ್ಟ, ಅಲ್ವಾ?

ಆ ತಾಯಿ ಕಿವಿಯ ಚಿಕಿತ್ಸೆ ಮುಗಿದ ಮೇಲೂ ಬರೆಯುವುದನ್ನು ಬಿಡಲಿಲ್ಲ. ಮೂರು ತಿಂಗಳ ನಂತರದ ಒಂದು ಪುಟದಲ್ಲಿ ಒಂದೇ ಸಾಲಿತ್ತು: ‘ಅಡುಗೆಮನೆಯಿಂದ ಕರೆದೆ, ಬಂದ.’