ಸೊಳ್ಳೆಯೊಳಗೆ ಆನೆಕಾಲು ಹುಳುವಿನ ದಾರಿಯನ್ನು ಗುರುತಿಸುವುದು ಹೇಗೆ?

ದಾವಣಗೆರೆಯ ಹಳೆಯ ಬಡಾವಣೆಗಳಲ್ಲಿ ಬೆಳಿಗ್ಗೆ ಎದ್ದು ಗೋಡೆ ನೋಡಿದರೆ, ರಾತ್ರಿ ರಕ್ತ ಕುಡಿದು ಹೊಟ್ಟೆ ಊದಿಸಿಕೊಂಡ ಕ್ಯೂಲೆಕ್ಸ್ ಸೊಳ್ಳೆ ಒಂದಾದರೂ ಕಾಣುತ್ತದೆ. ಚರಂಡಿಯ ಕೊಳಚೆ ನೀರಿನಲ್ಲಿ ಹುಟ್ಟುವ ಈ ಸೊಳ್ಳೆಯೇ ಆನೆಕಾಲು ರೋಗದ ಹುಳುವನ್ನು ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸುವುದು. ರಾಜ್ಯದಲ್ಲಿ ಈ ರೋಗ ಕಲಬುರಗಿ, ಬೀದರ್ ಮತ್ತು ಕರಾವಳಿಯ ಕಡೆ ಹೆಚ್ಚು. ಆದ್ದರಿಂದ ಇಲ್ಲಿ ಹಿಡಿದ ಸೊಳ್ಳೆಯಲ್ಲಿ ಹುಳು ಸಿಗದಿದ್ದರೆ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಬೇಸರಪಡಬೇಕಿಲ್ಲ. ಸೊಳ್ಳೆಯ ದೇಹವನ್ನು ಬಿಡಿಸಿ ನೋಡುವ ಕೈಚಳಕವನ್ನು ಇವುಗಳ ಮೇಲೆಯೇ ಕಲಿಯಬಹುದು.

ಗೋಡೆಯ ಸೊಳ್ಳೆಯನ್ನು ಗಾಜಿನ ಪ್ರನಾಳದಿಂದ ಮುಚ್ಚಿ ಹಿಡಿಯಿರಿ. ಅದು ಸತ್ತ ಮೇಲೆ ರೆಕ್ಕೆ, ಕಾಲುಗಳನ್ನು ತೆಗೆದು, ಸ್ಲೈಡಿನ ಮೇಲೆ ದೂರದೂರ ಇಟ್ಟ ಮೂರು ಹನಿ ಸಲೈನಿನಲ್ಲಿ ತಲೆ, ಎದೆ, ಹೊಟ್ಟೆಗಳನ್ನು ಬೇರೆಬೇರೆಯಾಗಿ ಇಡಿ. ಒಂದು ಹನಿಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಸೂಜಿಯನ್ನು ಒರೆಸಲೇಬೇಕು. ಹುಳು ಯಾವ ಭಾಗದಲ್ಲಿದೆ ಎಂಬುದರಿಂದಲೇ ಅದರ ವಯಸ್ಸು ತಿಳಿಯುವುದರಿಂದ, ಹನಿಗಳು ಬೆರೆತರೆ ಶ್ರಮವೆಲ್ಲ ವ್ಯರ್ಥ.

ಹೊಟ್ಟೆಯ ಹನಿಯಲ್ಲಿ ಸಿಗುವುದು ರಕ್ತದೊಡನೆ ಆಗಷ್ಟೇ ಬಂದ ಮರಿ. ಕಾಲು ಮಿಲಿಮೀಟರಿಗಿಂತ ತುಸು ಉದ್ದದ ಈ ಮರಿಯ ಮೈಮೇಲೆ, ದಿಂಬಿಗಿಂತ ಉದ್ದವಾದ ದಿಂಬಿನ ಗವಸಿನಂತೆ, ಎರಡೂ ತುದಿಗಳಲ್ಲಿ ಮಿಕ್ಕಿದ ತೆಳುವಾದ ಪೊರೆ ಇರುತ್ತದೆ. ಮರಿ ಆ ಪೊರೆ ಕಳಚಿ, ಜಠರದ ಗೋಡೆಯನ್ನು ಕೊರೆದು, ಎದೆಯಲ್ಲಿ ರೆಕ್ಕೆ ಬಡಿಸುವ ಸ್ನಾಯುಗಳನ್ನು ಸೇರುತ್ತದೆ.

ಎದೆಯನ್ನು ನಿಧಾನವಾಗಿ ಎಳೆಎಳೆಯಾಗಿ ಬಿಡಿಸಬೇಕು. ಇಲ್ಲಿ ಮರಿ ಗಿಡ್ಡವಾಗಿ, ದಪ್ಪವಾಗಿ, ಹೆಚ್ಚು ಅಲುಗಾಡದೆ ಬೆಳೆಯುವುದರಿಂದ ಅವಸರದ ಕಣ್ಣಿಗೆ ಸ್ನಾಯುವಿನ ತುಣುಕಿನಂತೆಯೇ ತೋರುತ್ತದೆ. ಎರಡು ಬಾರಿ ಪೊರೆ ಬಿಟ್ಟು, ಅನುಕೂಲದ ಹವೆಯಲ್ಲಿ 10ರಿಂದ 14 ದಿನಗಳೊಳಗೆ ಸುಮಾರು ಒಂದೂವರೆ ಮಿಲಿಮೀಟರಿನ ಚುರುಕಾದ ಹುಳುವಾಗುತ್ತದೆ. ಬೆಳೆಯುತ್ತದೆಯೇ ಹೊರತು ಸಂಖ್ಯೆ ಹೆಚ್ಚುವುದಿಲ್ಲ.

ಕೊನೆಯದು, ಬೆಳೆದ ಹುಳು ಬಂದು ಸೇರುವ ತಲೆ. ಇಲ್ಲಿ ತಾಳ್ಮೆ ಬೇಕು. ಸೊಂಡಿಲಿನ ಹೊರಕವಚವನ್ನು ಬಿಡಿಸಿ ಕೆಲವು ನಿಮಿಷ ಕಾದರೆ, ಒಳಗಿದ್ದ ಹುಳು ತಾನಾಗಿಯೇ ಹೊರಳುತ್ತ ಸಲೈನಿಗೆ ಇಳಿಯುತ್ತದೆ. ಸೊಳ್ಳೆ ಕಚ್ಚುವಾಗಲೂ ಅದು ಮಲೇರಿಯಾ ರೋಗಾಣುವಿನಂತೆ ಜೊಲ್ಲಿನೊಡನೆ ಒಳಹೋಗದು. ಸೊಂಡಿಲಿನ ತುದಿಯಿಂದ ಚರ್ಮದ ಮೇಲೆ ಇಳಿದು, ಕಚ್ಚಿದ ಗಾಯದ ಮೂಲಕ ತಾನೇ ನುಸುಳುತ್ತದೆ. ಹುಳು ಸೊಳ್ಳೆಯಲ್ಲಿ ಬೆಳೆಯುವುದನ್ನು ಬ್ರಿಟಿಷ್ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಚೀನಾದ ಅಮೋಯ್‌ನಲ್ಲಿ 1877ರಲ್ಲೇ ಕಂಡಿದ್ದರೂ, ಸತ್ತ ಸೊಳ್ಳೆ ಬಿದ್ದ ನೀರು ಕುಡಿದರೆ ರೋಗ ಬರುತ್ತದೆಂದು ಭಾವಿಸಿದ್ದರು. ಸೊಂಡಿಲಿನಲ್ಲಿ ಹುಳು ಕಂಡದ್ದು 1900ರಲ್ಲಿ.

ತಲೆಯ ಹನಿಯಲ್ಲಿನ ಹುಳು ಮನುಷ್ಯರಿಗೆ ಅಂಟುವ ಹಂತದ್ದಾದ್ದರಿಂದ ಕೈಗವಸು ತೊಟ್ಟೇ ಕೆಲಸ ಮಾಡಿ, ನೋಡಿ ಮುಗಿದೊಡನೆ ಸ್ಲೈಡು, ಸೂಜಿಗಳನ್ನು ಆಲ್ಕೋಹಾಲಿನಲ್ಲಿ ಮುಳುಗಿಸಿಡಿ.